ಗುಟುಕಿಗಿಷ್ಟು ಮಾತು

ನಮ್ಮೂರಲ್ಲಿ ಮಕ್ಕಳಿಗೆ ಕೆಮ್ಮಿನ ಔಷಧಿ ಕುಡಿಸುವಾಗ ಚಮಚದೊಳಗಿಂದ ಸಣ್ಣ ಗೊಣಗಾಟ ಕೇಳುತ್ತದೆ. ಔಷಧಿಯಲ್ಲಿ ಚೂರುಪಾರು ಮದ್ಯ ಬೆರೆತಿರುತ್ತದಲ್ಲ, ಅದಕ್ಕೆ. ವರ್ಗವಾಗಿ ಬಂದ ನೌಕರರ ಹೆಂಡಂದಿರು ಮೊದಲ ಸಲ ಅದನ್ನು ಕೇಳಿ ಚಮಚ ಎಸೆದು ಬೀದಿಗೆ ಓಡಿ ಬರುವುದುಂಟು. ಆರು ತಿಂಗಳಲ್ಲಿ ಅವರಿಗೂ ರೂಢಿಯಾಗಿ, ಗೊಣಗಾಟ ಕೇಳದಿದ್ದರೆ ಔಷಧಿ ಅಂಗಡಿಯವನು ನೀರು ಬೆರೆಸಿದ್ದಾನೆಂದು ಜಗಳಕ್ಕೆ ಹೋಗುತ್ತಾರೆ.

ಚಮಚದ್ದು ಬಿಡಿ, ಅದು ಮಕ್ಕಳಾಟ. ಊರಿನ ನಿಜವಾದ ವಿಷಯ ಲೋಟದ್ದು. ಹದಿನೆಂಟು ತುಂಬದವರು ಸಾರಾಯಿ ಲೋಟವನ್ನು ಬಾಯಿಗಿಟ್ಟರೆ ಅವರನ್ನು ಸಾಕಿದವರ ದನಿ ಲೋಟದೊಳಗಿಂದ ಬರುತ್ತದೆ. ಅಮ್ಮ ಸಾಕಿದ್ದರೆ ಅಮ್ಮನದು, ಅಜ್ಜ ಸಾಕಿದ್ದರೆ ಅಜ್ಜನದು. ಒಂದು ಗುಟುಕಿಗೆ ನಾಲ್ಕೈದು ಮಾತು, ಅಷ್ಟೆ. ಇನ್ನೊಂದು ಗುಟುಕು ಒಳಗೆ ಇಳಿದರೆ ಮಾತ್ರ ಮುಂದಿನ ಮಾತು. ಹದಿನೆಂಟು ತುಂಬಿದ ದಿನ ಲೋಟ ಮೂಕವಾಗುತ್ತದೆ, ಮತ್ತೆಂದೂ ತುಟಿ ಬಿಚ್ಚುವುದಿಲ್ಲ.

ಇದರಿಂದ ಊರಿನ ಹೆತ್ತವರಿಗೆಲ್ಲ ಒಂದು ಹುಂಬ ಧೈರ್ಯ. ಮಕ್ಕಳು ಎಲ್ಲಿಗಾದರೂ ಹೋಗಲಿ, ನಮ್ಮ ದನಿ ಅಲ್ಲಿ ಕಾವಲಿರುತ್ತದಲ್ಲ ಎಂದು. ಹಾಗಾಗಿ ಸುಣ್ಣ ಸುಡುವ ಗೂಡುಗಳ ಹಿಂದಿದ್ದ ಸಾವಂತ್ರಮ್ಮನ ಸಾರಾಯಿ ಅಂಗಡಿಯಲ್ಲಿ ಯಾರ ವಯಸ್ಸನ್ನೂ ಕೇಳುತ್ತಿರಲಿಲ್ಲ. ಮಗುವಿಗೆ ಹನ್ನೆರಡು ತುಂಬಿದಾಗ ನಾವು ಲೋಟಕ್ಕೆ ಹೇಳುವ ಶಾಸ್ತ್ರ ಮಾಡುತ್ತಿದ್ದೆವು. ಹಿತ್ತಾಳೆ ಲೋಟ ಬೆಳಗಿ, ಖಾಲಿ ಲೋಟದೊಳಗೆ ಬಾಯಿ ಇಟ್ಟು, ಮಗುವಿಗೆ ಮುಂದೆ ಯಾವ ಬುದ್ಧಿಮಾತು ಕೇಳಿಸಬೇಕೋ ಅದನ್ನು ಹೇಳಿಡುವುದು. ಕೆಲವರು ಮೇಷ್ಟರಿಂದ ಬರೆಸಿಕೊಂಡು ಬಾಯಿಪಾಠ ಮಾಡುತ್ತಿದ್ದರು. ನಾನು ಯಾರಿಂದಲೂ ಬರೆಸಬೇಕಿರಲಿಲ್ಲ. ಊರಿನ ಬಸ್ ನಿಲ್ದಾಣದಲ್ಲಿ ಬಸ್ಸುಗಳ ವೇಳೆಯನ್ನು ಮೈಕಿನಲ್ಲಿ ಹೇಳುವವಳೇ ನಾನು. ವಿಶಾಲಾಕ್ಷಿ ಎಂದರೆ ಯಾರಿಗೂ ಗೊತ್ತಾಗಲಿಕ್ಕಿಲ್ಲ, ದನಿ ಕೇಳಿದರೆ ಹಾಲು ಹಾಕುವವನೂ ತಿರುಗಿ ನೋಡುತ್ತಾನೆ. ಮಗಳು ನಿರುಪಮಾಳಿಗೆ ಹನ್ನೆರಡು ತುಂಬಿದ ದಿನ ಲೋಟದೊಳಗೆ ಸ್ಪಷ್ಟವಾಗಿ ಮೂರು ಸಲ ಹೇಳಿದ್ದೆ, 'ನಿರುಪಮಾ, ತಕ್ಷಣ ಮನೆಗೆ ಹಿಂತಿರುಗತಕ್ಕದ್ದು.' ನಿರು ಬಾಗಿಲಿಗೆ ಒರಗಿ ನಿಂತು ನಕ್ಕಿದ್ದಳು. ಹಾಗೆ ನಕ್ಕಿದ್ದಕ್ಕೆ ಎರಡು ದಿನ ಅವಳ ಜೊತೆ ಮಾತು ಬಿಟ್ಟಿದ್ದೆ.

ಹೌದು, ನನ್ನ ಶಿಕ್ಷೆ ಅದೊಂದೇ. ಮಾತು ಬಿಡುವುದು. ನಿರುಗೆ ಎರಡು ವರ್ಷವಿದ್ದಾಗ ಅವಳಪ್ಪ ತೀರಿಕೊಂಡರು. ಅವತ್ತಿನಿಂದ ಒಬ್ಬಳೇ ಸಾಕಿದ್ದೇನೆ, ಒಂದು ದಿನವೂ ಕೈ ಎತ್ತಿಲ್ಲ, ಬೈದಿಲ್ಲ. ಛತ್ರಿ ಕಳೆದರೆ ಮೂರು ದಿನ, ಸುಳ್ಳು ಹೇಳಿದರೆ ಒಂದು ವಾರ. ತಟ್ಟೆಗೆ ಬಡಿಸಿ ಸೌಟಿನಿಂದ ಟಕ್ ಎಂದು ಕುಟ್ಟುತ್ತಿದ್ದೆ, ಊಟಕ್ಕೆ ಬಾ ಎಂದು ಅದರ ಅರ್ಥ. ಆರು ವರ್ಷದ ಕೂಸು ಸೆರಗು ಹಿಡಿದು ಮನೆಯೆಲ್ಲ ಸುತ್ತುತ್ತಿತ್ತು. "ಒಂದ್ಸಲ ಬೈಯಮ್ಮಾ, ಬೇಕಾದ್ರೆ ಹೊಡಿ, ಮಾತಾಡಮ್ಮಾ" ಎಂದು ಬಿಕ್ಕುತ್ತಿತ್ತು. ನಾನು ಕಲ್ಲಿನಂತಿರುತ್ತಿದ್ದೆ. ಕಲ್ಲಿನಂತಿರುವುದು ಸುಲಭವಲ್ಲ, ಒಳಗೆ ಮಾತು ಹೊಟ್ಟೆಯಿಂದ ಗಂಟಲಿಗೆ ಬಂದು ಹಿಂದಕ್ಕೆ ಹೋಗುತ್ತಿತ್ತು. ಆದರೆ ಅದರಿಂದ ಮಗಳು ಗೆರೆ ಎಳೆದ ಹಾಗೆ ಬೆಳೆದಳು. ನನಗೆ ಅದರದ್ದೇ ಜಂಭ. ಅಕ್ಕಪಕ್ಕದವರು ಬಂದು ಕೇಳಿದರೆ, "ಹೊಡೀಬೇಡ್ರೀ, ಮಾತು ಬಿಟ್ನೋಡಿ" ಎಂದು ಸಲಹೆ ಬೇರೆ ಕೊಡುತ್ತಿದ್ದೆ.

ಬೇರೆಯವರ ಲೋಟಗಳ ಕಥೆ ಕೇಳಿ ನಗುತ್ತಲೂ ಇದ್ದೆ. ಗರಡಿ ಪರಶಿವಯ್ಯ ಮಗ ರೇವಣ್ಣನನ್ನು ಬೆಲ್ಟಿನಲ್ಲಿ ಬಾರಿಸಿ ಬೆಳೆಸಿದವನು. ರೇವಣ್ಣ ಹದಿನಾರರಲ್ಲಿ ಲೋಟ ಎತ್ತಿದಾಗ ಪರಶಿವಯ್ಯನ ಗರ್ಜನೆಗೆ ಅಂಗಡಿಯ ಹೆಂಚು ಅಲುಗಿತ್ತಂತೆ. ಹುಡುಗ ಕಿವಿಗೆ ಹತ್ತಿ ಇಟ್ಟುಕೊಂಡು ಕುಡಿಯುವುದನ್ನು ಕಲಿತ. ಫೋಟೋ ಸ್ಟುಡಿಯೋದವರು ಇದಕ್ಕೆ ತದ್ವಿರುದ್ಧ, ಒಬ್ಬನೇ ಮಗನನ್ನು ತಲೆಯ ಮೇಲೆ ಕೂರಿಸಿಕೊಂಡವರು. ಅವನ ಲೋಟ "ನಿನ್ನಿಷ್ಟ ಕಂದಾ, ಇನ್ನೊಂಚೂರು ಬೇಕಾ?" ಎಂದು ಕೇಳುತ್ತಿತ್ತಂತೆ. ಆ ಹುಡುಗ ಹದಿನೇಳಕ್ಕೇ ಬೆಳಗ್ಗೆ ಹಲ್ಲುಜ್ಜಿ ಅಂಗಡಿಗೆ ಬರುವಂತಾದ. ನಿಲ್ದಾಣದ ಕಂಟ್ರೋಲರ್ ಜಯಶೀಲನ ಕಥೆ ಮಾತ್ರ ನನಗೆ ಅರ್ಥವಾಗುತ್ತಿರಲಿಲ್ಲ. ಅವನ ಮಗ ಅಚ್ಯುತ ನಿರುವಿನ ಕ್ಲಾಸಿನವನು, ಅಪ್ಪನ ಹತ್ತಿರ ಎದುರು ಮಾತಾಡುತ್ತಿದ್ದ, ಬೈಸಿಕೊಳ್ಳುತ್ತಿದ್ದ, ಮರುಗಳಿಗೆ ಇಬ್ಬರೂ ಒಂದೇ ತಟ್ಟೆಯಲ್ಲಿ ಮಂಡಕ್ಕಿ ತಿನ್ನುತ್ತಿದ್ದರು. ಅಚ್ಯುತ ಒಂದೇ ಗುಟುಕು ಕುಡಿದದ್ದು. "ಯಾರ್ ಜೊತೆ ಇದ್ದೀಯೋ? ಎಷ್ಟೊತ್ತಿಗ್ ಬರ್ತೀಯ? ನಾನಿನ್ನೂ ಊಟ ಮಾಡಿಲ್ಲ, ಕಾಯ್ತಿದ್ದೀನಿ" ಎಂದಿತಂತೆ ಲೋಟ. ಹುಡುಗ ಅದನ್ನು ಅಲ್ಲೇ ಬಿಟ್ಟು ಮನೆಗೆ ಹೋಗಿ ಅಪ್ಪನಿಗೆ ತಾನೇ ಎಲ್ಲ ಹೇಳಿದ. ಜಯಶೀಲ ಇದನ್ನು ಹೇಳಿದಾಗ, ಸಲಿಗೆ ಜಾಸ್ತಿಯಾಯಿತು ಇವನದು, ಇವತ್ತಲ್ಲ ನಾಳೆ ಅನುಭವಿಸುತ್ತಾನೆ ಅಂದುಕೊಂಡಿದ್ದೆ.

ಹೀಗಿರುವಾಗ ಒಂದು ಸಂಜೆ ನಿರು ಸೀಬೆ ಎಲೆ ಜಗಿಯುತ್ತ ಮನೆಗೆ ಬಂದಳು. ಸೀಬೆ ಎಲೆ ಯಾಕೆ ಜಗಿಯುತ್ತಾರೆಂದು ತಿಳಿಯದಷ್ಟು ಪೆದ್ದಿಯಲ್ಲ ನಾನು. ಹತ್ತಿರ ಹೋಗಿ ಮೂಸಿದೆ, ಎಲೆಯ ಅಡಿಯಲ್ಲಿ ಸಾರಾಯಿ ವಾಸನೆ. ಅವಳು ತಲೆ ತಗ್ಗಿಸದೆ ನನ್ನ ಮುಖವನ್ನೇ ನೋಡುತ್ತ ನಿಂತಳು, ಏನನ್ನೋ ಕಾಯುವವಳ ಹಾಗೆ. ನಾನು ಒಳಗೆ ಹೋಗಿ ತಟ್ಟೆ ಹಾಕಿ ಸೌಟು ಕುಟ್ಟಿದೆ. ಅವತ್ತಿನಿಂದ ಮಾತು ಬಿಟ್ಟೆ. ಇದು ಛತ್ರಿಯಲ್ಲ, ಸಣ್ಣ ಸುಳ್ಳಲ್ಲ, ಇದಕ್ಕೆ ವಾರಗಟ್ಟಲೆ ಬೇಕು ಎಂದು ಲೆಕ್ಕ ಹಾಕಿದ್ದೆ. ಹೇಗೂ ಲೋಟದಲ್ಲಿ ನನ್ನ ದನಿ ತನ್ನ ಕೆಲಸ ಮಾಡುತ್ತಿರುತ್ತದೆ, ಮನೆಯಲ್ಲಿ ನಾನು ಬಾಯಿಗೆ ಬೀಗ ಹಾಕಿದರೆ ಸಾಕು ಅಂದುಕೊಂಡೆ.

ನಲವತ್ತೆರಡು ದಿನ ಕಳೆಯಿತು. ನಿರು ಈ ಸಲ ಸೆರಗು ಹಿಡಿಯಲಿಲ್ಲ, ಅಳಲಿಲ್ಲ. ಮಧ್ಯಾಹ್ನ ಕಾಲೇಜಿನಿಂದ ತಪ್ಪಿಸಿಕೊಂಡು ಹೋಗುತ್ತಿದ್ದಳು. ಸಂಜೆ ಬಂದಾಗ ಯೂನಿಫಾರ್ಮಿಗೆ ಸುಣ್ಣದ ಧೂಳು, ತುಟಿ ಒಡೆದು ಬಿಳಿಚಿರುತ್ತಿತ್ತು. ತಟ್ಟೆಯಲ್ಲಿ ಅರ್ಧ ಬಿಡುತ್ತಿದ್ದಳು. ಬಚ್ಚಲಲ್ಲಿ ವಾಂತಿ ಮಾಡಿದ ಸದ್ದು ಕೇಳಿದ ಬೆಳಿಗ್ಗೆ ನಾನು ಚಿಲಕದ ಮೇಲೆ ಕೈಯಿಟ್ಟೆ. ಏನಾಯ್ತು ಎಂದು ಕೇಳಿದರೆ ನಲವತ್ತು ದಿನದ ಶಿಸ್ತು ನೀರಿಗೆ ಹೋದಂತೆ ಎನಿಸಿ ಕೈ ತೆಗೆದೆ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ.

ನಲವತ್ತಮೂರನೇ ದಿನ ಹನ್ನೆರಡೂವರೆ ಬಸ್ಸು ಹೊರಟ ಮೇಲೆ ಜಯಶೀಲ ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತ. ಅವನು ಹೇಳಬೇಕೋ ಬೇಡವೋ ಎಂದು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದ.

"ಮೇಡಂ, ಬೇಜಾರು ಮಾಡ್ಕೋಬೇಡಿ. ನಿಮ್ಮ ಹುಡುಗಿ ದಿನಾ ಸಾವಂತ್ರಮ್ಮನ ಅಂಗಡೀಲಿ ಇರ್ತಾಳಂತೆ. ಅಚ್ಯುತ ಹೇಳ್ದ."

"ಗೊತ್ತು" ಎಂದೆ ಗತ್ತಿನಲ್ಲಿ. "ಲೋಟ ಬೈತಿರುತ್ತೆ. ಇನ್ನೆಷ್ಟು ದಿನ ಬೈಸ್ಕೊತಾಳೆ?"

"ಬೈಯೋದಾ?" ಎಂದು ಅವನು ಮುಖ ಎತ್ತಿದ. "ಇಲ್ಲ ಮೇಡಂ. ಅವಳು ಅಲ್ಲಿ ಕೂತು ನಗ್ತಿರ್ತಾಳಂತೆ."

ಒಂದೂಮುಕ್ಕಾಲರವರೆಗೆ ಬಸ್ಸಿರಲಿಲ್ಲ. ಮೈಕಿನ ಗುಂಡಿ ಆರಿಸಿ ಎದ್ದೆ. "ಅಲ್ಲಿಗೆ ಹೋಗ್ತೀರಾ?" ಎಂದು ಜಯಶೀಲ ಗಾಬರಿಯಾದ. ಅವನ ಗಾಬರಿಗೆ ಕಾರಣವಿತ್ತು. ನಮ್ಮೂರಲ್ಲಿ ಹೆತ್ತವರು ಆ ಅಂಗಡಿಯ ಮೆಟ್ಟಿಲು ತುಳಿಯುವುದಿಲ್ಲ. ತಮ್ಮ ದನಿಯನ್ನು ತಾವೇ ಕೇಳಿಸಿಕೊಳ್ಳಬಾರದು ಎಂದು ಹಿಂದಿನಿಂದ ನಡೆದು ಬಂದಿದೆ. ಕೇಳಿದರೆ ಏನಾಗುತ್ತದೆಂದು ಯಾರಿಗೂ ಗೊತ್ತಿಲ್ಲ, ಯಾಕೆಂದರೆ ಕೇಳಿದವರಿಲ್ಲ.

ಸುಣ್ಣದ ಗೂಡುಗಳ ದಾರಿ ಮಧ್ಯಾಹ್ನದಲ್ಲಿ ಕಣ್ಣಿಗೆ ಹೊಡೆಯುವಷ್ಟು ಬೆಳ್ಳಗಿರುತ್ತದೆ. ಗೂಡುಗಳಿಗೆ ಬೆಂಕಿ ಹಾಕದೆ ವರ್ಷಗಳಾಗಿವೆ, ಆದರೂ ನೆಲ ಕಾಯುತ್ತದೆ. ಒಂದು ಕಾಗೆಯೂ ಇರಲಿಲ್ಲ. ನನ್ನ ಚಪ್ಪಲಿಯ ಸದ್ದು ಒಂದು ಹೆಜ್ಜೆ ತಡವಾಗಿ ಗೂಡುಗಳೊಳಗಿಂದ ಹಿಂದಕ್ಕೆ ಬರುತ್ತಿತ್ತು. ಎರಡು ಸಲ ತಿರುಗಿ ನೋಡಿದೆ.

ಅಂಗಡಿಯೊಳಗೆ ಕುಡುಕರ ಗಲಾಟೆ ಇರುತ್ತದೆಂದು ಅಂದುಕೊಂಡಿದ್ದೆ. ಅಲ್ಲಿ ಪಿಟ್ಟೆಂಬ ಸದ್ದಿರಲಿಲ್ಲ. ಮುಂದಿನ ಕೋಣೆಯ ಬೆಂಚುಗಳ ಮೇಲೆ ಎಂಟು ಹತ್ತು ಗಂಡಸರು, ಮೂಲೆಯಲ್ಲಿ ಇಬ್ಬರು ಹೆಂಗಸರು ಕೂತಿದ್ದರು. ಎಲ್ಲ ಮೂವತ್ತು ನಲವತ್ತರ ಆಜುಬಾಜಿನವರು. ಒಂದು ಗುಟುಕು ಕುಡಿದು, ಲೋಟವನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಕಾಯುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು ಗುಟುಕು, ಮತ್ತೆ ಕಿವಿಗೆ. ಯಾರೂ ಯಾರನ್ನೂ ನೋಡುತ್ತಿರಲಿಲ್ಲ. ಅವರಲ್ಲಿ ರೇವಣ್ಣನೂ ಇದ್ದ. ಅವನ ಕಿವಿಯಲ್ಲಿ ಈಗ ಹತ್ತಿ ಇರಲಿಲ್ಲ.

ಸಾವಂತ್ರಮ್ಮ ಗಲ್ಲಾಪೆಟ್ಟಿಗೆಯ ಹತ್ತಿರ ಕೂತು ವೀಳ್ಯದೆಲೆ ಒರೆಸುತ್ತಿದ್ದಳು. ನನ್ನನ್ನು ನೋಡಿ ಅವಳಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. "ಬಸ್ ಸ್ಟ್ಯಾಂಡಿನಮ್ಮ" ಎಂದಳು ಮೆಲ್ಲಗೆ. "ಕೊನೆಗೂ ಒಬ್ರಾದ್ರೂ ಬಂದ್ರಲ್ಲ."

"ಇವರೆಲ್ಲ ಏನ್ ಮಾಡ್ತಿದ್ದಾರೆ?"

"ಕಾಯ್ತಾವ್ರೆ. ಹದ್ನೆಂಟಕ್ಕೆ ಮುಂಚೆ ಮಾತಾಡ್ತಿತ್ತಲ್ಲ, ಈಗ್ಲೂ ತಳದಾಗೆ ಒಂದ್ ಮಾತು ಉಳ್ಕೊಂಡಿರ್ಬೋದು ಅಂತ. ಆ ರೇವಣ್ಣನ ಅಪ್ಪ ಸತ್ತು ನಾಕು ವರ್ಷಾಯ್ತು. ಇವ್ನು ದಿನಾ ಬತ್ತಾನೆ. 'ಒಂದ್ಸಲ ಬೈದ್ಬಿಡ್ಲಿ ಸಾವಂತ್ರಮ್ಮ, ಹೋಗ್ಬಿಡ್ತೀನಿ' ಅಂತಾನೆ." ಅವಳು ಎಲೆಯ ತೊಟ್ಟು ಮುರಿದಳು. "ನಿಮ್ಮ ಮಗೀಗೆ ಎಷ್ಟು ದಿನ ಐತೆ?"

ಒಂಬತ್ತು ದಿನ. ಒಂಬತ್ತು ದಿನಕ್ಕೆ ನಿರುಗೆ ಹದಿನೆಂಟು. ಬೆಂಚಿನ ತುದಿಯಲ್ಲಿ ಒಬ್ಬರು ಕೂರುವಷ್ಟು ಜಾಗ ಖಾಲಿಯಿತ್ತು, ನನ್ನ ಕಣ್ಣು ಅಲ್ಲಿಂದ ಕೀಳಲಾಗಲಿಲ್ಲ. ಸಾವಂತ್ರಮ್ಮ ಹಿಂದಿನ ಕೋಣೆಯ ಪರದೆಯನ್ನು ಗದ್ದದಿಂದ ತೋರಿಸಿದಳು.

ಪರದೆಯಾಚೆ ಯಾರೋ ಮಾತಾಡುತ್ತಿದ್ದರು. ಯಾರೋ ಗೆಳತಿ ಜೊತೆಗಿದ್ದಾಳೆ ಅಂದುಕೊಂಡೆ. ಒಳ್ಳೆಯ ದನಿ, ಸ್ವಲ್ಪ ದಪ್ಪ, ನಗುವಿಗೆ ಹತ್ತಿರವಿದ್ದ ದನಿ. ಅದು ನನ್ನದೆಂದು ತಿಳಿಯಲು ನನಗೇ ಅಷ್ಟು ಹೊತ್ತು ಬೇಕಾಯಿತು. ದಿನವಿಡೀ ಮೈಕಿನಲ್ಲಿ ನನ್ನ ದನಿ ಕೇಳಿಕೊಂಡು ಇದ್ದವಳು ನಾನು, ಆದರೆ ಆ ದನಿ ಇದಲ್ಲ.

"ನೆನ್ನೆ ಎದುರುಮನೆ ಗಯ್ಯಾಳಿ ಕೆಂಪು ಸೀರೆ ಉಟ್ಕೊಂಡು ನಿಂತಿದ್ಲಲ್ಲ ನಿರು, ಥೇಟ್ ಗ್ಯಾಸ್ ಸಿಲಿಂಡರ್ ಕಣೇ. ನಗು ತಡ್ಕೊಳ್ಳಕ್ಕಾಗ್ದೆ ಒಳಗೋದೆ."

ನಿರು ಖಿಲಖಿಲ ನಕ್ಕಳು. "ನಾನೂ ಅದೇ ಅಂದ್ಕೊಂಡೆ ಅಮ್ಮ! ತಲೇಲಿ ಆ ಕ್ಲಿಪ್ ಬೇರೆ, ರೆಗ್ಯುಲೇಟರ್ ಥರ!" ಮಾತು ನಿಂತಿತು. ಗುಟುಕರಿಸಿದ ಸದ್ದು. "ಹೂಂ, ಆಮೇಲೆ?"

"ಬಚ್ಚಲಲ್ಲಿ ವಾಂತಿ ಮಾಡ್ಕೊಂಡ್ಯಲ್ಲ, ಚಿಲಕ ಹಿಡ್ಕೊಂಡು ನಿಂತಿದ್ದೆ. ಬೆನ್ನು ನೀವೋಣ ಅನ್ನಿಸ್ತು. ಎಷ್ಟು ಸಣ್ಣಗಾಗಿದ್ದೀಯೇ ನೀನು."

ಆ ಕೆಂಪು ಸೀರೆಯನ್ನು ನೋಡಿ ನಾನು ಹಾಗೆಯೇ ಅಂದುಕೊಂಡಿದ್ದೆ. ಒಳಗೆ ಹೋಗಿ ಸಾರಿನ ಪಾತ್ರೆಯ ಮುಂದೆ ನಿಂತು ತುಟಿ ಕಚ್ಚಿದ್ದೆ. ಯಾರಿಗೂ ಹೇಳಿರಲಿಲ್ಲ. ನಲವತ್ತಮೂರು ದಿನ ನಾನು ಗಂಟಲಿಂದ ಹಿಂದಕ್ಕೆ ಕಳಿಸಿದ ಮಾತುಗಳೆಲ್ಲ ಇಲ್ಲಿಗೆ ಬಂದು ಸೇರಿದ್ದವು. ನಲವತ್ತಮೂರು ದಿನದ್ದು ಮಾತ್ರವಲ್ಲ. ಮುಂದಿನ ಗುಟುಕಿಗೆ ಲೋಟ ಛತ್ರಿ ಕಳೆದ ದಿನದ ಮಾತಾಡಿತು. ಅವತ್ತು ಮಳೆಯಲ್ಲಿ ನೆನೆದು ಬಂದ ಮಗುವಿನ ತಲೆ ಒರೆಸುತ್ತ ನಾನು ಮನಸ್ಸಿನಲ್ಲೇ ಹೇಳಿದ್ದನ್ನು ನನ್ನ ಎದುರೇ ಹೇಳಿತು. ನಾನು ಮೂರು ಸಲ ಹೇಳಿಟ್ಟಿದ್ದ ಆಜ್ಞೆ ಮಾತ್ರ ಎಲ್ಲೂ ಇರಲಿಲ್ಲ.

ಪರದೆ ಸರಿಸಿದೆ. ನಿರು ಗೋಡೆಗೆ ಒರಗಿ ಕೆಳಗೆ ಕೂತಿದ್ದಳು. ಕಾಲ ಬಳಿ ಮೂರು ಖಾಲಿ ಲೋಟ, ಕೈಯಲ್ಲಿ ಒಂದು. ಕಣ್ಣಿನ ಸುತ್ತ ಕಪ್ಪು ಕಟ್ಟಿತ್ತು. ಮುಖದಲ್ಲಿ ಮಾತ್ರ ಹಬ್ಬದ ಕಳೆ. ನಾನು ಆ ಕಳೆಯನ್ನು ಮನೆಯಲ್ಲಿ ಕೊನೆಯ ಸಲ ಯಾವಾಗ ನೋಡಿದ್ದು ಎಂದು ನೆನಪಾಗಲಿಲ್ಲ. ನಮ್ಮ ಮಕ್ಕಳು ಕೆಟ್ಟ ಸಹವಾಸದಿಂದ ಕುಡಿಯುತ್ತಾರೆ, ಕೊಬ್ಬಿನಿಂದ ಕುಡಿಯುತ್ತಾರೆ ಎಂದು ಊರು ಏನೇನೋ ಹೇಳುತ್ತದೆ. ನನ್ನ ಮಗಳು ನನ್ನ ಜೊತೆ ಮಾತಾಡುವುದಕ್ಕೆ ಕುಡಿಯುತ್ತಿದ್ದಳು.

"ನಿರು" ಎಂದೆ.

ಅವಳು ಲೋಟದೊಳಗೆ ಇಣುಕಿ, "ಹಾಂ ಅಮ್ಮ" ಎಂದಳು.

"ಅಲ್ಲಲ್ಲ, ಇಲ್ಲಿ. ನಾನು ಬಂದಿದೀನಿ, ಇಲ್ನೋಡು."

ಅವಳು ಇನ್ನೊಂದು ಗುಟುಕು ಕುಡಿದಳು. ಲೋಟ ಮಾತಾಡತೊಡಗಿತು. ಆಗ ತಲೆ ಎತ್ತಿ ನನ್ನನ್ನು ನೋಡಿದಳು. ಅಮಲಿನ ಕಣ್ಣಲ್ಲ ಅದು, ತಿಳಿಯಾಗಿಯೇ ಇತ್ತು. ಗುರುತಿಲ್ಲದವರು ಪಕ್ಕದ ಸೀಟಿನಲ್ಲಿ ಗಲಾಟೆ ಮಾಡಿದರೆ ಹೇಗೆ ನೋಡುತ್ತಾರೋ ಹಾಗೆ ನೋಡಿದಳು.

"ಸ್ವಲ್ಪ ಸುಮ್ನಿರ್ತೀರಾ?" ಎಂದಳು. "ಅಮ್ಮ ಮಾತಾಡ್ತಿದ್ದಾಳೆ."

ಇಂಥ ಹೊತ್ತಿನಲ್ಲಿ ಮಾಡಲು ನನಗೆ ಜೀವಮಾನದಲ್ಲಿ ಗೊತ್ತಿದ್ದದ್ದು ಒಂದೇ. ಬಾಯಿ ಮುಚ್ಚಿ ತಿರುಗಿ ಹೋಗುವುದು. ನನ್ನ ತುಟಿಗಳು ತಾವಾಗಿಯೇ ಅಂಟಿಕೊಂಡವು, ಕಾಲು ಹಿಂದಕ್ಕೆ ಒಂದು ಹೆಜ್ಜೆ ಸರಿದದ್ದೂ ಹೌದು. ಬೆನ್ನ ಹಿಂದೆ, ಬೆಂಚುಗಳಿದ್ದ ಕೋಣೆಯಲ್ಲಿ, ಯಾರೋ ಲೋಟವನ್ನು ಕಿವಿಯಿಂದ ಕಿವಿಗೆ ಬದಲಾಯಿಸಿದ ಸದ್ದು ಕೇಳಿತು.

ನಾನು ಆ ಸುಣ್ಣದ ನೆಲದಲ್ಲಿ ಮಗಳ ಪಕ್ಕ ಕೂತುಬಿಟ್ಟೆ. "ಇಲ್ಲ, ಸುಮ್ನಿರಲ್ಲ" ಎಂದೆ. ದನಿ ಒಡೆದಿತ್ತು, ಯಾರೂ ಮೆಚ್ಚುವಂತಿರಲಿಲ್ಲ. ಏನು ಹೇಳಬೇಕೆಂದೂ ತೋಚಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ. ಇವತ್ತು ಅನ್ನ ಮುದ್ದೆಯಾಯಿತು ಎಂದೆ. ಬರುವ ದಾರಿಯಲ್ಲಿ ನನ್ನ ಹೆಜ್ಜೆಗೇ ಹೆದರಿದೆ ಎಂದೆ. ಕುಡೀಬೇಡ ಕಣೇ, ನನಗೆ ಕೈಕಾಲು ನಡುಗುತ್ತೆ, ನಿನ್ನ ಮೇಲೆ ಸಿಟ್ಟೂ ಬಂದಿದೆ, ಹೊಟ್ಟೆ ಉರಿಯುವಷ್ಟು ಸಿಟ್ಟು ಬಂದಿದೆ ಎಂದು ಬೈದೆ. ಹುಟ್ಟಿದ ಮೇಲೆ ಮೊದಲನೆಯ ಸಲ ಅವಳನ್ನು ಬಾಯ್ತುಂಬ ಬೈದೆ. ಬೈಯುತ್ತ ಅತ್ತೆ. ನಮ್ಮಮ್ಮ ನನ್ನ ಜೊತೆ ಒಮ್ಮೆ ಇಡೀ ಬೇಸಿಗೆ ಮಾತಾಡಿರಲಿಲ್ಲ ಎಂದು ಹೇಳಿದೆ. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ, ನನ್ನೊಳಗೂ ಹೇಳಿಕೊಂಡಿರಲಿಲ್ಲ, ಹಾಗಾಗಿ ಅದು ಲೋಟಕ್ಕೂ ಗೊತ್ತಿರಲಿಲ್ಲ.

ಒಂದಷ್ಟು ಹೊತ್ತು ಎರಡು ದನಿಯೂ ಒಟ್ಟಿಗೆ ನಡೆದವು, ಲೋಟದ್ದು ಮತ್ತು ನನ್ನದು. ಯಾವುದು ಯಾವುದೆಂದು ಕಣ್ಣು ಮುಚ್ಚಿದರೆ ತಿಳಿಯುತ್ತಿರಲಿಲ್ಲ. ಆಮೇಲೆ ಆ ಗುಟುಕಿನ ಮಾತು ಮುಗಿದು ಲೋಟ ಸುಮ್ಮನಾಯಿತು. ಕೋಣೆಯಲ್ಲಿ ನಾನೊಬ್ಬಳೇ ಮಾತಾಡುತ್ತಿದ್ದೆ. ನಿರು ನನ್ನತ್ತ ತಿರುಗಲಿಲ್ಲ. ಲೋಟದಲ್ಲಿ ಇನ್ನೂ ಎರಡು ಗುಟುಕು ಉಳಿದಿತ್ತು. ಅವಳು ಅದನ್ನು ಬಾಯಿಗೂ ಒಯ್ಯಲಿಲ್ಲ, ಕೆಳಗೂ ಇಡಲಿಲ್ಲ. ನಾನು ಉಸಿರು ತೆಗೆದುಕೊಳ್ಳಲೂ ಹೆದರಿ ಮಾತಾಡುತ್ತಲೇ ಇದ್ದೆ.